ಮುಂಗಡ ಕೊಟ್ಟ ಮಾತ್ರಕ್ಕೆ ಮನುಷ್ಯರು ಅವರ ಸೊತ್ತಲ್ಲ

ಜಗಳೂರು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಪತ್ರದ ಸಾರ: "ನಮ್ಮೂರಿನ ಒಂದು ಸಂಸಾರ 60,000 ರೂಪಾಯಿ ಮುಂಗಡ ತಗೊಂಡು ಬೆಂಗಳೂರಿನಾಚೆ ಇಟ್ಟಿಗೆ ಭಟ್ಟಿಗೆ ಗುಳೆ ಹೋಗಿದೆ. ತಾಯಿ ತೀರಿಕೊಂಡಾಗ ಗಂಡನನ್ನು ಮಾತ್ರ ಮಣ್ಣಿಗೆ ಕಳಿಸಿದರು. ಹೆಂಡತಿ, ಇಬ್ಬರು ಮಕ್ಕಳನ್ನು ಅಲ್ಲೇ ಇಟ್ಟುಕೊಂಡರು. ಇದು ಜೀತ ಅಲ್ವಾ ಅಂದರೆ, 'ಅವರಾಗೇ ಹೋಗಿದಾರೆ, ದುಡ್ಡು ತಗೊಂಡ ಮೇಲೆ ದುಡೀಬೇಕಲ್ಲ' ಅಂತಾರೆ ಊರವರು. ನೀವೇನಂತೀರಿ?"

ಪ್ರೀತಿಯ ಅಕ್ಕ, ನಮಸ್ಕಾರ.

ಇದು ಜೀತವೇ. ಗಂಡ ವಾಪಸ್ ಬರಲಿ ಅಂತ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಂಡ ಮೇಲೆ ಅನುಮಾನಕ್ಕೆ ಜಾಗ ಎಲ್ಲಿದೆ?

ಊರವರ ಮಾತಿಗೆ ಬರೋಣ. ಸಾಲ ತೀರಿಸಬೇಕು ಅನ್ನುವುದು ನಮ್ಮ ಜನರ ಮರ್ಯಾದೆಯ ಪ್ರಶ್ನೆ. ಭಟ್ಟಿ ಮಾಲೀಕರಿಗೂ ಅದು ಗೊತ್ತು. ಆದರೆ ಆ ಸಾಲ ತೀರುವುದು ಹೇಗೆ ಅಂತ ಸ್ವಲ್ಪ ನೋಡಿ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಕೈಗೆ ಬರುವುದು ವಾರದ ಸಂತೆ ಖರ್ಚು ಮಾತ್ರ, ಅದನ್ನೂ ಮುಂಗಡದ ಜೊತೆಗೇ ಬರೆದುಕೊಳ್ಳುತ್ತಾರೆ. ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಆ ದಿನದ ದುಡಿಮೆ ಲೆಕ್ಕಕ್ಕಿಲ್ಲ. ಒಣಗಲು ಹಾಕಿದ ಇಟ್ಟಿಗೆ ಮಗುಚಿ ಹಾಕೋದು ಮಕ್ಕಳ ಕೆಲಸ. ಅವರ ಮೈ ಹಗುರ, ಕಾಲಿಟ್ಟರೂ ಇಟ್ಟಿಗೆ ಕೆಡುವುದಿಲ್ಲ. ಆ ಮಕ್ಕಳ ಹೆಸರಿಗೆ ಕೂಲಿ ಇರುವುದಿಲ್ಲ. ಲೆಕ್ಕದ ಪುಸ್ತಕ ಮಾಲೀಕನ ಹತ್ತಿರ. ಹಂಗಾಮು ಮುಗಿದಾಗ "ಇನ್ನೂ ಬಾಕಿ ಇದೆ" ಅಂತಾನೆ. ಮುಂದಿನ ವರ್ಷ ಮತ್ತೆ ಅದೇ ಭಟ್ಟಿ.

"ಅವರಾಗೇ ಹೋದರು" ಅನ್ನುವುದಕ್ಕೂ ಉತ್ತರ ಇದೆ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ಒಟ್ಟಿಗೇ ನಿಷೇಧಿಸಿದೆ. ಬಲವಂತ ಅಂದರೆ ಕೋಲು, ಸರಪಳಿ ಅಷ್ಟೇ ಅಲ್ಲ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು: ಹಸಿವು, ಬಡತನ ದೂಡಿದ್ದೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದ ವರ್ಷ ನಮ್ಮ ಜಗಳೂರಿನವರು ಭಟ್ಟಿಗೆ ಹೋಗುವುದನ್ನು ಇಷ್ಟಪಟ್ಟು ಹೋದರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಮೋಸ ಮಾಡಿ, ಬೆದರಿಸಿ, ಆಮಿಷ ಒಡ್ಡಿ ಜನರನ್ನು ಶೋಷಣೆಗೆಂದೇ ಕರೆದೊಯ್ದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಅದು ಮಾನವ ಕಳ್ಳಸಾಗಣೆ. ಹೋದವರು ಒಪ್ಪಿದ್ದರೋ ಇಲ್ಲವೋ ಅಲ್ಲಿ ಮುಖ್ಯವೇ ಅಲ್ಲ.

ಹಾಗಾದರೆ ಆ 60,000? 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತದ ಸಾಲವೇ ರದ್ದು. ಅದನ್ನು ವಸೂಲಿ ಮಾಡಿದರೆ ಮೂರು ವರ್ಷದ ತನಕ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನೂ ಸಾಲ ಕೊಟ್ಟವನೇ. ಇದನ್ನು ಊರಲ್ಲಿ ಜೋರಾಗಿಯೇ ಹೇಳಿ ಅಕ್ಕ, ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಈಗ ಮಾಡಬೇಕಾದ್ದು. ಗಂಡನ ಕೈಲಿ ಅರ್ಜಿ ಬರೆಸಿ, ಭಟ್ಟಿ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೂ ನಮ್ಮ ದಾವಣಗೆರೆ ಜಿಲ್ಲಾಧಿಕಾರಿಗೂ ಕೊಡಿ. ಮಕ್ಕಳಿರುವುದರಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಇವತ್ತೇ ಫೋನ್ ಮಾಡಿ. ಉಚಿತ ವಕೀಲರು ಬೇಕಾದರೆ 15100. ವಿಚಾರಣೆಗೆ ಬಂದ ಅಧಿಕಾರಿ ಮಾಲೀಕನ ಎದುರಿಗೇ ಹೇಳಿಕೆ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಬೇರೆ ಕಡೆ ಕೂರಿಸಿ ಕೇಳಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

ಜೀತದಿಂದ ಬಿಡುಗಡೆಯಾಗಿದೆ ಅಂತ ಅಧಿಕಾರಿ ಬರೆದುಕೊಡುವ ಬಿಡುಗಡೆ ಪತ್ರ ಕೈಗೆ ಸಿಗದೆ ಸುಮ್ನೆ ಊರಿಗೆ ಬಂದುಬಿಡಬಾರದು. ಸರ್ಕಾರದ ತಕ್ಷಣದ ನೆರವು 30,000 ರೂಪಾಯಿ ತನಕ ಇದೆ. ಆಮೇಲಿನ ಪುನರ್ವಸತಿ ಹಣ ಗಂಡಸರಿಗೆ ಒಂದು ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ ಎರಡು ಲಕ್ಷ. ಆದರೆ ಈ ದೊಡ್ಡ ಮೊತ್ತವನ್ನು ಕೋರ್ಟ್ ಕೇಸಿನ ಜೊತೆ ಗಂಟು ಹಾಕಿದ್ದಾರೆ. ಕೇಸು ಮುಗಿಯೋ ತನಕ ಆ ಸಂಸಾರ ಏನು ತಿನ್ನಬೇಕು? ಮತ್ತೊಬ್ಬ ಏಜೆಂಟ್ ಮುಂಗಡ ಹಿಡಿದು ಬಾಗಿಲಿಗೆ ಬರುವುದು ಆಗಲೇ. ಈ ನಿಯಮ ಬದಲಾಗಲೇಬೇಕು. ಈ ಬಗ್ಗೆ ನಾವು ಬರೆಯುತ್ತಲೇ ಇರುತ್ತೇವೆ.

ಇನ್ನೊಂದು ಮಾತು. ಆ ಮಕ್ಕಳು ಯಾವ ದಿನದಿಂದ ಅಂಗನವಾಡಿಗೆ ಬಂದಿಲ್ಲ ಅಂತ ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಸಂಸಾರ ಊರು ಬಿಟ್ಟ ತಾರೀಖಿಗೆ ಅದಕ್ಕಿಂತ ಒಳ್ಳೆ ದಾಖಲೆ ಸಿಗುವುದು ಕಷ್ಟ. ಆ ಪುಟದ ಜೆರಾಕ್ಸ್ ಅರ್ಜಿಗೆ ಸೇರಿಸಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

— ಸಂ.