ಮೋಟಾರ್ ಕರೆಂಟ್ ರೀಡಿಂಗ್ ಕುಣಿಯುತ್ತಿದ್ದರೆ ಸೆನ್ಸರ್ ಬದಲಾಯಿಸಬೇಡಿ

ಪ್ರಶ್ನೆ: 12 ವೋಲ್ಟ್ ಡಿಸಿ ಮೋಟಾರ್‌ಗೆ 20 ಆಂಪ್‌ನ ಎಸಿಎಸ್712 ಸೆನ್ಸರ್ (ಕರೆಂಟ್ ಅಳೆಯುವ ಚಿಪ್) ಹಾಕಿ, ಆರ್ಡುಯಿನೊ ಊನೊ ಬೋರ್ಡಿನಲ್ಲಿ ಓದುತ್ತಿದ್ದೇನೆ. ಮೋಟಾರ್ ನಿಂತಿದ್ದಾಗ ಸರಿ ಇರುತ್ತದೆ. ಪಿಡಬ್ಲ್ಯೂಎಂ (ಬೇಗಬೇಗ ಆನ್-ಆಫ್ ಮಾಡಿ ವೇಗ ಹಿಡಿಯುವ ವಿಧಾನ) ಕೊಟ್ಟ ತಕ್ಷಣ 1ರಿಂದ 4 ಆಂಪ್ ತನಕ ಹಾರಾಡುತ್ತದೆ. 100 ಸ್ಯಾಂಪಲ್ ಸರಾಸರಿ ತೆಗೆದರೂ ಅಷ್ಟೇ. ಸೆನ್ಸರ್ ಎರಡು ಸಲ ಬದಲಾಯಿಸಿದೆ.

ಉತ್ತರ: ಮೂರನೆಯದು ತರಬೇಡಿ. ಈ ಪ್ರಶ್ನೆ ಎಷ್ಟು ಸಲ ಬಂದರೂ ಜೊತೆಗೊಬ್ಬರು 'ಸೆನ್ಸರ್ ಡೂಪ್ಲಿಕೇಟ್' ಅಂತ ಹೇಳಿಯೇ ಇರುತ್ತಾರೆ, ವಿದ್ಯಾರ್ಥಿಗಳು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ನೋಡಿದರೆ ಸಿಟ್ಟು ಬರುತ್ತದೆ.

ಮೊದಲು ಗ್ರೌಂಡ್ ನೋಡಿ. ಮೋಟಾರ್ ಕರೆಂಟ್ ವಾಪಸ್ ಹೋಗುವ ದಾರಿಯಲ್ಲೇ ಸೆನ್ಸರ್‌ನ ಗ್ರೌಂಡ್ ಕೂಡ ಸಿಕ್ಕಿಸಿದ್ದೀರಾ? ಬ್ರೆಡ್‌ಬೋರ್ಡ್ ಆದರೆ ಬಹುಶಃ ಹೌದು. ಜಂಪರ್ ವೈರ್, ಒಳಗಿನ ಕ್ಲಿಪ್ ಎಲ್ಲ ಸೇರಿ 50 ಮಿಲಿಓಮ್ ಆಗುವುದು ಸಾಮಾನ್ಯ. ಅದರಲ್ಲಿ 2 ಆಂಪ್ ಹರಿದರೆ 100 ಮಿಲಿವೋಲ್ಟ್. ನಿಮ್ಮ ಸೆನ್ಸರ್ ಆಂಪ್‌ಗೆ ಕೊಡುವುದೇ 100 ಮಿಲಿವೋಲ್ಟ್! ಅಂದರೆ ಪೂರಾ ಒಂದು ಆಂಪ್ ಸುಳ್ಳು ಲೆಕ್ಕ. ಮೋಟಾರ್ ಓಡುವಾಗ ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಸೆನ್ಸರ್‌ನ ಗ್ರೌಂಡ್ ಪಿನ್‌ಗೆ, ಇನ್ನೊಂದು ಆರ್ಡುಯಿನೊದ ಗ್ರೌಂಡ್ ಪಿನ್‌ಗೆ ಹಿಡಿಯಿರಿ. ಕೆಲವು ಮಿಲಿವೋಲ್ಟ್ ಮೀರಿದರೆ ಕಳ್ಳ ಅಲ್ಲೇ ಇದ್ದಾನೆ. ಮೋಟಾರ್ ಡ್ರೈವರ್‌ನ ದಪ್ಪ ಗ್ರೌಂಡ್ ವೈರ್ ನೇರ ಬ್ಯಾಟರಿಗೆ ಹೋಗಲಿ, ಸೆನ್ಸರ್‌ನದು ಬೇರೆ ವೈರಲ್ಲಿ ಆರ್ಡುಯಿನೊಗೆ ಹೋಗಲಿ.

ಹಾಗೆಯೇ ಸೆನ್ಸರ್ ಪಿನ್ನಿಗೆ ಬರುವ 5 ವೋಲ್ಟ್ ಸಪ್ಲೈಯನ್ನೂ ನೋಡಿಬಿಡಿ. ಕರೆಂಟ್ ಇಲ್ಲದಾಗ ಈ ಸೆನ್ಸರ್ ಕೊಡುವುದು ಸಪ್ಲೈನ ಅರ್ಧ. ಮೋಟಾರ್ ಎಳೆದಾಗ ಆರ್ಡುಯಿನೊದ 5 ವೋಲ್ಟ್ ಹಾಗೇ ಇದ್ದು ಸೆನ್ಸರ್‌ನದು ಮಾತ್ರ 4.8ಕ್ಕೆ ಇಳಿದರೆ ಸೊನ್ನೆಯೂ 2.5ರಿಂದ 2.4ಕ್ಕೆ ಜಾರುತ್ತದೆ. ಕೋಡಿನಲ್ಲಿ 2.5 ಅಂತ ಬರೆದಿಟ್ಟವರು ಇದನ್ನೇ ನಾಯ್ಸ್ ಅಂದುಕೊಳ್ಳುತ್ತಾರೆ.

ಇನ್ನು ಸರಾಸರಿ. ಪಿನ್ 9ರ ಪಿಡಬ್ಲ್ಯೂಎಂ 490 ಹರ್ಟ್ಜ್, ಒಂದು ಸುತ್ತಿಗೆ ಸುಮಾರು 2 ಮಿಲಿಸೆಕೆಂಡ್. ಅನಲಾಗ್‌ರೀಡ್‌ಗೆ (ಆರ್ಡುಯಿನೊ ವೋಲ್ಟೇಜ್ ಓದುವ ಆಜ್ಞೆ) ಒಂದಕ್ಕೆ ಸುಮಾರು 110 ಮೈಕ್ರೋಸೆಕೆಂಡ್, ನೂರಕ್ಕೆ 11 ಮಿಲಿಸೆಕೆಂಡ್. ಅಂದರೆ ಐದೂವರೆ ಸುತ್ತು! ಆ ಅರ್ಧ ಸುತ್ತು ಒಮ್ಮೆ ಆನ್ ಕಡೆ, ಒಮ್ಮೆ ಆಫ್ ಕಡೆ ಬಿದ್ದು ಸರಾಸರಿಯನ್ನೇ ಅಲ್ಲಾಡಿಸುತ್ತದೆ. ಸ್ಯಾಂಪಲ್ ಎಣಿಸಬೇಡಿ, 20.4 ಮಿಲಿಸೆಕೆಂಡ್ ಓದಿ, ಹತ್ತು ಸುತ್ತು ಪೂರ್ತಿ ಸಿಗುತ್ತದೆ. ಸೆನ್ಸರ್ ಬ್ಯಾಟರಿ ಲೈನಿನಲ್ಲಿದ್ದರೆ ಅಲ್ಲಿಂದ ತೆಗೆದು ಮೋಟಾರ್‌ನ ವೈರಿಗೇ ಸೀರೀಸ್‌ನಲ್ಲಿ ಹಾಕಿ. ಬ್ಯಾಟರಿ ಕಡೆ ಕರೆಂಟ್ ತುಂಡುತುಂಡಾಗಿ ಬರುತ್ತದೆ, ಮೋಟಾರ್ ಕಡೆ ಕಾಯಿಲ್‌ನಿಂದಾಗಿ ಹೆಚ್ಚು ನಯವಾಗಿರುತ್ತದೆ.

ಪ್ರಶ್ನೆ: ಸೆನ್ಸರ್ ಔಟ್‌ಪುಟ್‌ಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬಹುದಾ?

ಉತ್ತರ: ಬೇಡ. ನೇರವಾಗಿ 10 ನ್ಯಾನೋಫ್ಯಾರಡ್ ದಾಟಬಾರದು ಅಂತ ತಯಾರಕರ ಡೇಟಾಶೀಟಲ್ಲೇ ಇದೆ, ದಯವಿಟ್ಟು ಓದಿ.

ಪ್ರಶ್ನೆ: ಸೆನ್ಸರ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ನಾಯ್ಸ್ ಹೋಗುತ್ತದಂತೆ?

ಉತ್ತರ: ಮೋಟಾರ್‌ನ ಮ್ಯಾಗ್ನೆಟ್ ಫಾಯಿಲನ್ನು ಲೆಕ್ಕಕ್ಕೇ ಇಡುವುದಿಲ್ಲ, ಈ ಸೆನ್ಸರ್ ಕರೆಂಟ್ ಅಳೆಯುವುದೇ ಕಾಂತಕ್ಷೇತ್ರ ನೋಡಿ. ಸೆನ್ಸರನ್ನು ದೂರ ಇಡಿ, ಸಾಕು.

ಪ್ರಶ್ನೆ: 230 ವೋಲ್ಟ್ ಮೋಟಾರ್ ಡ್ರೈವ್‌ನ ನಾಯ್ಸ್ ನೋಡಲು ಆಸಿಲೋಸ್ಕೋಪ್ (ವೋಲ್ಟೇಜಿನ ಅಲೆ ತೋರಿಸುವ ಉಪಕರಣ) ಪ್ಲಗ್‌ನ ಅರ್ತ್ ಪಿನ್ ತೆಗೆಯಿರಿ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದಾರೆ.

ಉತ್ತರ: ತೆಗೆಯಲೇಬೇಡಿ. ಅರ್ತ್ ಇಲ್ಲದಿದ್ದರೆ ಪ್ರೋಬಿನ ಗ್ರೌಂಡ್ ಕ್ಲಿಪ್ ಸಿಕ್ಕಿಸಿದ ಜಾಗದ ವೋಲ್ಟೇಜ್ ಸ್ಕೋಪಿನ ಮೈಗೆಲ್ಲ ಬರುತ್ತದೆ, ನಿಮ್ಮ ಕೈ ಇರುವುದೂ ಅಲ್ಲೇ ಅಲ್ವಾ? ಇಂಥದ್ದನ್ನು ಹೇಳಿಕೊಡುವವರು ಜೀವಕ್ಕೆ ಕುತ್ತು ತರುತ್ತಿದ್ದಾರೆ. ಡಿಫರೆನ್ಷಿಯಲ್ ಪ್ರೋಬ್ (ಅರ್ತ್‌ಗೆ ಸಿಕ್ಕಿಸದೆ ಎರಡು ಜಾಗಗಳ ನಡುವಿನ ವೋಲ್ಟೇಜ್ ಅಳೆಯುವಂಥದ್ದು) ಇದ್ದರೆ ನೋಡಿ. ಇಲ್ಲದಿದ್ದರೆ ಆ ಡ್ರೈವ್ ಮುಟ್ಟಬೇಡಿ, ಇರುವವರ ಹತ್ತಿರ ಒಯ್ಯಿರಿ.