ಇಲ್ಲದ ಸಾಧನದ ಡ್ರೈವರ್‌ನಿಂದಲೂ ಅಪಾಯವುಂಟೇ?

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ಗಳ ಉಸ್ತುವಾರಿ ನನ್ನದು. ಡ್ರೈವರ್‌ಗಳಲ್ಲಿ (ಸಾಧನಗಳನ್ನು ನಡೆಸುವ ತಂತ್ರಾಂಶ) ‘ರೇಸ್ ಕಂಡೀಷನ್’ (ಎರಡು ಕೆಲಸಗಳು ಏಕಕಾಲಕ್ಕೆ ನಡೆದಾಗ ಆಗುವ ಎಡವಟ್ಟು) ದೋಷವಿದೆ ಎಂಬ ಸೂಚನೆಗಳು ಆಗಾಗ ಬರುತ್ತವೆ. ಆ ಸಾಧನವೇ ನಮ್ಮಲ್ಲಿಲ್ಲದಿದ್ದರೂ ಅಪ್‌ಡೇಟ್ ಮಾಡಬೇಕೇ? ಕ್ಷಣಾರ್ಧದ ಎಡವಟ್ಟನ್ನು ಯಾರಾದರೂ ದುರುಪಯೋಗ ಮಾಡಿಕೊಳ್ಳುವುದಾದರೂ ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಮಾಡಲೇಬೇಕು. ಏಕೆಂಬುದಕ್ಕೆ 2017ರ ಮಾರ್ಚ್‌ನಲ್ಲಿ ಬಹಿರಂಗವಾದ ಸಿವಿಇ-2017-2636 (ಸಿವಿಇ ಎಂಬುದು ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಎಂಬ ದೋಷವನ್ನೇ ನೋಡೋಣ. ಇದನ್ನು ಪತ್ತೆಹಚ್ಚಿದವರು ಭದ್ರತಾ ಸಂಶೋಧಕ ಅಲೆಕ್ಸಾಂಡರ್ ಪೊಪೊವ್. ಇದು ಇದ್ದದ್ದು ಸೀರಿಯಲ್ ಮಾರ್ಗಗಳಲ್ಲಿ ಎಚ್‌ಡಿಎಲ್‌ಸಿ ಎಂಬ ಸಂವಹನ ಕ್ರಮದಲ್ಲಿ ದತ್ತಾಂಶ ಸಾಗಿಸುವ ಎನ್_ಎಚ್‌ಡಿಎಲ್‌ಸಿ ಡ್ರೈವರ್‌ನಲ್ಲಿ.

ಒಂದು ಬಫರ್ (ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಯ ತುಣುಕು) ರವಾನೆಯಾಗದೆ ಉಳಿದರೆ, ಮುಂದಿನ ಸಲ ಮೊದಲು ಅದನ್ನೇ ಕಳುಹಿಸಲೆಂದು ಈ ಡ್ರೈವರ್ ಅದರ ವಿಳಾಸವನ್ನು ಒಂದು ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. 2009ರ ಜೂನ್‌ನಲ್ಲಿ, ಬಾಕಿ ಬಫರ್‌ಗಳನ್ನು ತೆರವುಗೊಳಿಸುವ ಕೋಡ್ ಸೇರಿತು. ಒಂದು ಪ್ರೊಸೆಸರ್‌ನಲ್ಲಿ ರವಾನೆಯೂ ಇನ್ನೊಂದರಲ್ಲಿ ತೆರವೂ ಏಕಕಾಲಕ್ಕೆ ನಡೆದರೆ, ಎರಡೂ ಆ ಪಾಯಿಂಟರ್ ನೋಡಿ, ಒಂದೇ ಬಫರನ್ನು ಖಾಲಿ ಬಫರ್‌ಗಳ ಪಟ್ಟಿಗೆ ಎರಡು ಬಾರಿ ಸೇರಿಸಬಹುದಿತ್ತು. ಗ್ರಂಥಾಲಯಕ್ಕೆ ಮರಳಿದ ಒಂದೇ ಪುಸ್ತಕವನ್ನು ಇಬ್ಬರು ಗುಮಾಸ್ತರು ತಂತಮ್ಮ ವಹಿಯಲ್ಲಿ ಜಮಾ ಮಾಡಿಕೊಂಡಂತೆ ಇದು. ಲೆಕ್ಕದಲ್ಲಿ ಎರಡು ಪ್ರತಿ, ಕಪಾಟಿನಲ್ಲಿ ಒಂದೇ. ಟರ್ಮಿನಲ್ ಮುಚ್ಚಿದಾಗ ಡ್ರೈವರ್ ಪಟ್ಟಿಯಲ್ಲಿರುವುದನ್ನೆಲ್ಲ ಬಿಡುಗಡೆ ಮಾಡುತ್ತದೆ, ಅಂದರೆ ಆ ಮೆಮೊರಿಯನ್ನು ಹಿಂದಿರುಗಿಸುತ್ತದೆ. ಮೊದಲ ಬಿಡುಗಡೆಯ ನಂತರ ಕರ್ನಲ್ (ಲಿನಕ್ಸ್‌ನ ತಿರುಳು) ಆ ಜಾಗವನ್ನು ಬೇರೊಂದು ಕೆಲಸಕ್ಕೆ ಕೊಟ್ಟಿದ್ದರೆ, ಎರಡನೆಯ ಬಿಡುಗಡೆ ಅದನ್ನೂ ಖಾಲಿಯೆಂದು ಸಾರಿ, ಒಂದೇ ಮೆಮೊರಿಗೆ ಇಬ್ಬರು ಒಡೆಯರನ್ನು ಮಾಡುತ್ತದೆ. ಅವರಲ್ಲೊಬ್ಬ ದಾಳಿಕೋರನಾದರೆ ಕರ್ನಲ್‌ನ ದತ್ತಾಂಶವನ್ನೇ ತಿದ್ದಿ ರೂಟ್ ಅಧಿಕಾರ (ಗಣಕದ ಸಂಪೂರ್ಣ ಹಿಡಿತ) ಪಡೆಯುವ ದಾರಿ ತೆರೆಯುತ್ತದೆ.

ಕ್ಷಣಾರ್ಧವೆಂಬುದು ರಕ್ಷಣೆಯಲ್ಲ. ದಾಳಿಕೋರನ ಪ್ರೋಗ್ರಾಂ ಎರಡು ಥ್ರೆಡ್‌ಗಳನ್ನು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳನ್ನು) ಮತ್ತೆ ಮತ್ತೆ ಎದುರುಬದುರು ಓಡಿಸುತ್ತಲೇ ಇರುತ್ತದೆ. ಗುರಿ ತಪ್ಪಿದ ಪ್ರಯತ್ನದಿಂದ ಸಾಮಾನ್ಯವಾಗಿ ಅವನಿಗೆ ನಷ್ಟವಿಲ್ಲ, ತಾಗಿದ್ದು ಒಂದೇ ಆದರೂ ಸಾಕು. ಪರೀಕ್ಷೆಯ ವೇಳೆ ಇಂತಹ ದೋಷ ಕಾಣದೇ ಹೋಗುವುದೂ ಇದೇ ಕಾರಣಕ್ಕೆ, ಹಾಗಾಗಿಯೇ ಇದು ಸುಮಾರು 8 ವರ್ಷ ಉಳಿದುಬಂತು.

ಇನ್ನು ಸಾಧನದ ಮಾತು. ಈ ದಾಳಿಗೆ ಎಚ್‌ಡಿಎಲ್‌ಸಿ ಯಂತ್ರಾಂಶವೇ ಬೇಕಿರಲಿಲ್ಲ. ಸಾಮಾನ್ಯ ಬಳಕೆದಾರನೊಬ್ಬ ಒಂದು ಹುಸಿ ಟರ್ಮಿನಲ್ (ಸಾಧನವಿಲ್ಲದೆ ತಂತ್ರಾಂಶವೇ ಒದಗಿಸುವ ಟರ್ಮಿನಲ್) ತೆರೆದು ಅದಕ್ಕೆ ಎಚ್‌ಡಿಎಲ್‌ಸಿ ಕ್ರಮವನ್ನು ಕೋರಿದರೆ ಕರ್ನಲ್ ತಾನಾಗಿಯೇ ಆ ಡ್ರೈವರ್‌ನ ಮಾಡ್ಯೂಲನ್ನು (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ಭಾಗ) ಲೋಡ್ ಮಾಡುತ್ತಿತ್ತು. ಡೆಬಿಯನ್, ಉಬುಂಟು, ಫೆಡೋರಾಗಳಂತಹ ಪ್ರಮುಖ ಲಿನಕ್ಸ್ ವಿತರಣೆಗಳೆಲ್ಲ ಅದನ್ನು ಜೊತೆಗೇ ನೀಡುತ್ತಿದ್ದವು. ದಾಳಿಕೋರ ಮೊದಲು ನಿಮ್ಮ ಗಣಕದೊಳಗೆ ಹೇಗಾದರೂ ಕಾಲಿಟ್ಟಿರಬೇಕು ಎಂಬುದು ನಿಜ, ಆದರೆ ದುರ್ಬಲವಾದ ಒಂದು ವೆಬ್ ಅಪ್ಲಿಕೇಶನ್ ಅಷ್ಟಕ್ಕೆ ಸಾಕು.

ದೋಷ ಸರಿಪಡಿಸಿದ ಬಗೆ ನನಗೆ ಬಹಳ ಮೆಚ್ಚುಗೆಯಾದದ್ದು: ಗೊಂದಲಕ್ಕೆ ಮೂಲವಾದ ಪಾಯಿಂಟರನ್ನೇ ತೆಗೆದುಹಾಕಿ, ಡ್ರೈವರ್ ಸ್ವಂತವಾಗಿ ಕಟ್ಟಿಕೊಂಡಿದ್ದ ಪಟ್ಟಿಯ ಬದಲು ಕರ್ನಲ್‌ನ ಪ್ರಮಾಣಿತ ಪಟ್ಟಿಯನ್ನು ಬಳಸಿ, ರವಾನೆಯಾಗದ ಬಫರನ್ನು ಸಾಲಿನ ಮುಂಭಾಗಕ್ಕೆ ಮರಳಿಸಲಾಯಿತು.

ಬಳಸದ ಮಾಡ್ಯೂಲ್‌ಗಳು ಲೋಡ್ ಆಗದಂತೆ ಮಾಡ್‌ಪ್ರೋಬ್ (ಮಾಡ್ಯೂಲ್‌ಗಳನ್ನು ಲೋಡ್ ಮಾಡುವ ಆದೇಶ) ಸಂರಚನೆಯಲ್ಲಿ ತಡೆಯಿರಿ. ಅಪ್‌ಡೇಟ್ ಮಾಡಿದ ಮೇಲೆ ಸರ್ವರನ್ನು ರೀಬೂಟ್ ಮಾಡಿ, ಓಡುತ್ತಿರುವುದು ಹೊಸ ಕರ್ನಲ್ಲೇ ಎಂಬುದನ್ನು ‘ಯುನೇಮ್’ ಆದೇಶದಿಂದ ಖಚಿತಪಡಿಸಿಕೊಳ್ಳಿ; ರೀಬೂಟ್ ಆಗುವ ತನಕ ಮೆಮೊರಿಯಲ್ಲಿರುವುದು ಹಳೆಯ ಕರ್ನಲ್ಲೇ.