ಫಿಲಿಪೈನ್ಸ್‌ಗೆ ಓದಲು ಹೊರಟಿದ್ದೇನೆ. ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಹೋಗೋಕೆ ಸೂಟು ಹೊಲಿಸಿಕೊಳ್ಳಬೇಕಾ?

ಬೇಡ. ಟೇಲರ್ ಹತ್ತಿರ ಬಟ್ಟೆ ಕೊಟ್ಟಾಗಿದ್ದರೆ ಅವನು ಕತ್ತರಿ ಹಾಕೋ ಮೊದಲು ಹೋಗಿ ವಾಪಸ್ ತಗೊಳ್ಳಿ.

ನೀವು ಬಾಗಲಕೋಟೆಯವರು, ಎಂಬಿಬಿಎಸ್‌ಗೆ ಹೊರಟಿದ್ದೀರಿ. ಕೋಟು-ಟೈ ಹಾಕಿ ಹೋದರೆ ಪರದೇಶದ ಹುಡುಗ ಅಂತ ಮರ್ಯಾದೆ ಕೊಟ್ಟು ಬೇಗ ಕೆಲಸ ಮಾಡಿಕೊಡ್ತಾರಾ, ಇಲ್ಲಾ ಅವರದೇ ಬಾರೊಂಗ್ ಅಂಗಿ ಹಾಕೋದು ವಾಸಿಯಾ, ನೋಡೋಕೆ ಬರೋ ಅವ್ವ ಕಚೇರಿಗೆ ಜೊತೆಯಲ್ಲಿ ಬಂದರೆ ಇಳಕಲ್ ಸೀರೆ ನಡೀತದಾ ಅಂತ ಕೇಳಿದ್ದೀರಿ. ಇಷ್ಟೆಲ್ಲ ಕೇಳಿದ್ದೀರಿ, ಕಾಲಿಗೆ ಏನು ಹಾಕಬೇಕು ಅಂತ ಮಾತ್ರ ಕೇಳಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ನಾನು ಅಥಣಿ ತಾಲೂಕಿನವನು. ಫಿಲಿಪೈನ್ಸ್‌ನಲ್ಲೇ ಓದಿ ಬಂದು ಈಗ ವಿಜಯಪುರದಲ್ಲಿ ಡಾಕ್ಟರ್ ಆಗಿದ್ದೇನೆ. ಅಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಿಗೆ ಎಸಿಆರ್ ಐ-ಕಾರ್ಡ್ ಅಂತ ಒಂದು ಗುರುತಿನ ಕಾರ್ಡ್ ಕೊಡುತ್ತಾರೆ. ಅದನ್ನು ಇಟ್ಟುಕೊಂಡವರು ಪ್ರತಿ ವರ್ಷ ಮೊದಲ 60 ದಿನದೊಳಗೆ ವಲಸೆ ಇಲಾಖೆಗೆ ಹೋಗಿ, ಇನ್ನೂ ಇಲ್ಲೇ ಇದ್ದೀನಿ ಅಂತ ಹಾಜರಿ ಹಾಕಬೇಕು. ಆನ್ಯುಯಲ್ ರಿಪೋರ್ಟ್ ಅನ್ನುತ್ತಾರೆ. 1950ರ ಕಾನೂನು ಅದು. ಶುಲ್ಕ 310 ಪೆಸೊ, ಅದೇನು ದೊಡ್ಡದಲ್ಲ. ವಾರ್ಡ್ ಡ್ಯೂಟಿ, ಪರೀಕ್ಷೆ, ಸೋಮಾರಿತನ ಎಲ್ಲ ಸೇರಿ ನಾನು ಅದನ್ನು ಕೊನೇ ದಿನದ ತನಕ ತಳ್ಳಿಕೊಂಡು ಬಂದೆ.

ಕೊನೇ ದಿನ ಅಂತ ಭಯ ಇತ್ತಲ್ಲ, ಹಾಗಾಗಿ ಭಾರೀ ತಯಾರಿ. ತಿಳಿನೀಲಿ ಶರ್ಟಿಗೆ ಇಸ್ತ್ರಿ ಹಾಕಿ ಇನ್‌ಶರ್ಟ್ ಮಾಡಿ, ಬೆಲ್ಟು ಕಟ್ಟಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡೆ. ಬಸವನ ಬಾಗೇವಾಡಿ ಕಡೆಯ ರೂಮ್‌ಮೇಟ್ ಹಾಸಿಗೆಯಿಂದಲೇ ನೋಡಿ, "ಏನಲೇ, ಕನ್ಯಾ ನೋಡಾಕ ಹೊಂಟಂಗ ಹೊಂಟೀಯಲ್ಲ" ಅಂದ. ಕಾಲೇಜಿನ ಕಪ್ಪು ಬೂಟು ಹಿಂದಿನ ದಿನದ ಮಳೆಗೆ ನೆಂದು ಮಂಚದ ಕೆಳಗೆ ಬಿದ್ದಿದ್ದವು. ಆ ಊರಲ್ಲಿ ಮಳೆ ಬಿತ್ತು ಅಂದ್ರೆ ರಸ್ತೆ ಮೇಲೆ ಮೊಣಕಾಲುದ್ದ ನೀರು. ಅದಕ್ಕೆ ಅಥಣಿ ಚಪ್ಪಲಿ ಹಾಕಿಕೊಂಡೆ.

ಆ ಚಪ್ಪಲಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಾಂದ್ರೆ ನಾನು ಪೂರಾ ಪೆದ್ದ ಅನ್ನಿಸಿಬಿಡುತ್ತದೆ. ಹೊರಡುವಾಗ ಅಪ್ಪ ಅಥಣಿಗೆ ಕರೆದುಕೊಂಡು ಹೋಗಿ, ಕಾಲಿನ ಅಳತೆ ಕೊಡಿಸಿ ಮಾಡಿಸಿದ್ದು. ಒಂದು ಮೊಳೆ ಇಲ್ಲ, ಅಟ್ಟೆಯೆಲ್ಲ ಚರ್ಮದ ದಾರದಲ್ಲೇ ಹೊಲಿದಿದ್ದು. ಮೇಲೆ ಸಣ್ಣ ಜಡೆಯ ಹಾಗೆ ಹೆಣೆದ ಪಟ್ಟಿ, ಹೆಬ್ಬೆರಳಿಗೆ ಉಂಗುಟ, ನಡುವೆ ಕೆಂಪು ಗೊಂಡೆ. ಆ ದೇಶದ ತೇವಕ್ಕೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳ್ಳಗೆ ಪುಡಿ ಬಳಿದ ಹಾಗೆ ಕಾಣುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆ ತಗೊಂಡು, ಹೆಣಿಗೆಯ ಸಂದಿಗೆ ಉಗುರು ತೂರಿಸಿ ಒರೆಸಿದ್ದೆ. ಮಿರಮಿರ ಮಿಂಚುತ್ತಿದ್ದವು. ನನ್ನ ಹತ್ತಿರ ಅದಕ್ಕಿಂತ ಬೆಲೆಬಾಳುವ ಮೆಟ್ಟೇ ಇರಲಿಲ್ಲ. ಕೊಲ್ಹಾಪುರಿ ಅಂತ ಹೆಸರಾದರೂ ಅದರ ಜಿಐ ಗುರುತಿನಲ್ಲಿ, ಅಂದ್ರೆ ಇಂಥ ಕಡೆಯದೇ ಮಾಲು ಅಂತ ಸರ್ಕಾರ ಕೊಡೋ ಗುರುತಿನಲ್ಲಿ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ ಅನ್ನೋದು ಗೊತ್ತಲ್ವಾ? 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನ್‌ನಲ್ಲಿ ಅಂಥದ್ದನ್ನೇ ಹಾಕಿಸಿ ಮಾಡೆಲ್‌ಗಳನ್ನು ನಡೆಸಿದರು, ಎಲ್ಲಿಯ ಚಪ್ಪಲಿ ಅಂತ ಮೊದಲು ಹೇಳಲೂ ಇಲ್ಲ. ಮಿಲಾನ್‌ನಲ್ಲಿ ನಡೀತು. ನನಗೆ ಗೇಟಿನಲ್ಲೇ ನಡೀಲಿಲ್ಲ.

ಗೇಟಿನಲ್ಲಿ ಗಾರ್ಡ್ ಇದ್ದ. ಬಿಳಿ ಅಂಗಿ, ಕೈಯಲ್ಲಿ ರಿಜಿಸ್ಟರ್ ಪುಸ್ತಕ. ನನ್ನ ಮುಖ ನೋಡಲಿಲ್ಲ, ಶರ್ಟು ನೋಡಲಿಲ್ಲ, ನೇರ ಕಾಲು ನೋಡಿದ. "ಸರ್, ಬಾವಲ್ ಪೊ ಆಂಗ್ ಚಿನೆಲಾಸ್" ಅಂದ, ಬಹಳ ವಿನಯದಿಂದ. ಚಪ್ಪಲಿಗೆ ಅನುಮತಿ ಇಲ್ಲ ಅಂತ. ಪಕ್ಕದಲ್ಲಿ ಬೋರ್ಡ್ ಇತ್ತು: ಸ್ಯಾಂಡೊ ಬೇಡ, ಶಾರ್ಟ್ಸ್ ಬೇಡ, ಸ್ಲಿಪ್ಪರ್ ಬೇಡ. ಸ್ಯಾಂಡೊ ಅಂದ್ರೆ ನಮ್ಮ ಸ್ಯಾಂಡೊ ಬನಿಯನ್ನೇ, ತೋಳಿಲ್ಲದ್ದು. ಹಿಂದಿನ ವರ್ಷ ಇದೇ ಬೋರ್ಡಿನ ಕೆಳಗೇ ದಾಟಿ ಹೋಗಿದ್ದೆ. ಕಾಲಿಗೆ ಬೂಟು ಇತ್ತು, ಓದೋ ಪ್ರಸಂಗವೇ ಬಂದಿರಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ಚೆನ್ನ. ಚಪ್ಪಲಿ ತಾನೇ ಬೇಡ ಅಂದಿದ್ದು? ಸರಿ ಅಂತ ಬಾಗಿಲ ಪಕ್ಕ ಜೋಡಿಸಿಟ್ಟು ಬರಿಗಾಲಲ್ಲಿ ನಿಂತೆ. ನಮ್ಮಜ್ಜ ತಹಶೀಲ್ದಾರ್ ಕಚೇರಿಗೆ ಹೋಗುವಾಗ ಹಾಗೇ ಮಾಡುತ್ತಿದ್ದರು. ಧೋತರ, ಪಟಕಾ ಎಲ್ಲ ಸರಿ ಮಾಡಿಕೊಂಡು, ಸಾಹೇಬರ ಕೋಣೆಯ ಹೊರಗೆ ಕಾಲ್ಮರಿ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಈಗಲೂ ನಮ್ಮ ಕಡೆ ವಯಸ್ಸಾದ ರೈತರು ಹಾಗೆ ಬಿಟ್ಟು ಹೋಗುತ್ತಾರೆ. ನಾನು ಕಲಿತ ಮರ್ಯಾದೆ ಅದು. ಗಾರ್ಡ್ ಗಾಬರಿಯಾಗಿ ಎರಡೂ ಕೈ ಆಡಿಸಿ, ಬೇಡ ಬೇಡ, ಮೊದಲು ಹಾಕಿಕೊಳ್ಳಿ ಅಂದ. ಹಿಂದಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಅವರಿಗೆ ಚಪ್ಪಲಿ ಕೊಳಕು ಅನ್ನೋದಲ್ಲ ವಿಷಯ. ಕಾಲು ಕಾಣಬಾರದು. ನಮ್ಮಲ್ಲಿ ಬಿಚ್ಚಿದರೆ ಗೌರವ, ಅವರಲ್ಲಿ ಮುಚ್ಚಿದರೆ ಗೌರವ. ಇದು ತಲೆಗೆ ಹೋಗಿದ್ದರೆ ನಾನು ಒದ್ದೆ ಬೂಟನ್ನೇ ಹಾಕಿಕೊಂಡು ಬರುತ್ತಿದ್ದೆ. ಒದ್ದೆ ಬೂಟು ಯಾರೂ ಕೇಳೋದಿಲ್ಲ.

ಇದು ಕೈಯಿಂದ ಮಾಡಿದ್ದು, ಇಷ್ಟು ದುಡ್ಡಿನದು ಅಂತ ಅವನಿಗೆ ಬಿಡಿಸಿ ಹೇಳೋಕೆ ಹೋದೆ. ಹಿಮ್ಮಡಿ ಕಡೆ ಬೆರಳು ತೋರಿಸಿದ. ಪಟ್ಟಿ ಇಲ್ಲ, ಅಂದ್ರೆ ಸ್ಲಿಪ್ಪರ್, ಮುಗೀತು. ನೀವು ವಿದೇಶಿ ಅಂತ ರಿಯಾಯಿತಿ ಸಿಗುತ್ತದೆ ಅಂದುಕೊಂಡಿದ್ದರೆ ಅದನ್ನೂ ಬಿಡಿ. ನನ್ನ ಪಕ್ಕದಲ್ಲೇ ಅಲ್ಲಿಯವನನ್ನೇ ಚಡ್ಡಿ ಹಾಕಿದ್ದಕ್ಕೆ ವಾಪಸ್ ಕಳಿಸಿದರು. ಅವನು ಜಗಳ ಮಾಡಲಿಲ್ಲ. ಚೀಲದಿಂದ ಪ್ಯಾಂಟು ತೆಗೆದು ಚಡ್ಡಿ ಮೇಲೇ ಏರಿಸಿಕೊಂಡು ಒಳಗೆ ಹೋದ.

ನಾನು ಓಡಿದೆ. ಅಲ್ಲಿ ಉಕಾಯ್-ಉಕಾಯ್ ಅಂತ ಹಳೇ ಬಟ್ಟೆ, ಹಳೇ ಬೂಟು ರಾಶಿ ಹಾಕಿ ಮಾರುವ ಅಂಗಡಿಗಳಿವೆ. ಮೂರು ಅಂಗಡಿ ತಿರುಗಿದರೂ ನನ್ನ ಕಾಲಿನ ಅಳತೆ ಸಿಗಲಿಲ್ಲ. ಇದ್ದವೆಲ್ಲ ನನ್ನ ಕಾಲಿಗೆ ಸಣ್ಣವು. ಕೊನೆಗೆ ಹೊಳೆಯುವ ಮದುವೆ ಬೂಟು ಒಂದು ಜೊತೆ ಹಿಂಡಿ ಹಾಕಿಕೊಂಡು, ಹೆಜ್ಜೆ ಹೆಜ್ಜೆಗೂ ಹಲ್ಲು ಕಚ್ಚುತ್ತಾ ಬಂದೆ. ಅಷ್ಟೊತ್ತಿಗೆ ಟೋಕನ್ ಕೊಡೋದು ನಿಲ್ಲಿಸಿದ್ದರು.

ದಂಡ ಬಿತ್ತು. ಅದು ಹೋಗಲಿ. ಮತ್ತೆ ಹೋಗಬೇಕಾದ ದಿನ ವಾರ್ಡ್ ಡ್ಯೂಟಿ ಇತ್ತು, ತಪ್ಪಿಸಿದೆ. ತಪ್ಪಿಸಿದ ಡ್ಯೂಟಿಗೆ ಬದಲಿ ಡ್ಯೂಟಿ ಮಾಡಬೇಕು, ಅದೂ ಬಡ್ಡಿ ಸಮೇತ. ಆ ಬದಲಿ ಡ್ಯೂಟಿ ಬಂದು ಕೂತಿದ್ದು ರಜೆಯ ಮೊದಲ ವಾರದಲ್ಲಿ. ಟಿಕೆಟ್ ಮುಂದಕ್ಕೆ ಹಾಕಿದೆ. ಅಕ್ಕನ ಕುಬಸಕ್ಕೆ ನಾನಿರಲಿಲ್ಲ. ತಮ್ಮ ಅಂತ ಇರೋನು ನಾನೊಬ್ಬನೇ. ಅವ್ವ ಫೋನಿನಲ್ಲಿ, "ಅಲ್ಲೋ, ಕಾಲಾಗ ಬೂಟ್ ಇಲ್ಲಂತ ಮನೀಗ ಬರಲಿಲ್ಲೇನು?" ಅಂತ ಕೇಳಿದಳು. ಹೌದು ಅನ್ನದೆ ಇನ್ನೇನು ಹೇಳೋದು.

ಈಗ ನಿಮ್ಮ ಸೂಟಿಗೆ ಬರ್ತೀನಿ. ಒಳ್ಳೆ ಬಟ್ಟೆ ಹಾಕಿದರೆ ಕೆಲಸ ಬೇಗ ಆಗುತ್ತದೆ ಅನ್ನೋದೇ ತಪ್ಪು ಲೆಕ್ಕ. ಬಟ್ಟೆಯ ಕೆಲಸ ಬಾಗಿಲ ತನಕ ಮಾತ್ರ. ಒಳಗೆ ಹೋದ ಮೇಲೆ ಟೋಕನ್ ನಂಬರು, ಪಾಸ್‌ಪೋರ್ಟ್, ಕಾರ್ಡು, ಹಣ ಕಟ್ಟಿದ ರಸೀದಿ. ಕೌಂಟರಿನ ಹುಡುಗಿ ನಿಮ್ಮ ಟೈ ನೋಡೋದಿಲ್ಲ. ಇನ್ನು ಆ ಸೆಕೆಯಲ್ಲಿ ಜೀಪ್ನಿ ಅನ್ನೋ ಅಲ್ಲಿನ ಬಸ್ಸಿನಂಥ ಜೀಪು ಹತ್ತಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಕಚೇರಿ ಮುಟ್ಟೋದರಲ್ಲಿ ಕೋಟು ಒದ್ದೆ ಮುದ್ದೆ. ಬಿಳಿ ಶರ್ಟಿಗೆ ಕಪ್ಪು ಟೈ ಅಂತೂ ಬೇಡವೇ ಬೇಡ. ಹಾಗೆ ತಿರುಗೋದು ಅಲ್ಲಿ ಧರ್ಮಪ್ರಚಾರಕ್ಕೆ ಬಂದ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಹುಡುಗರು.

ಬಾರೊಂಗ್ ಚಂದ ಇರುತ್ತದೆ, ನಿಜ. ಅನಾನಸ್ ಎಲೆಯ ನಾರಿನಿಂದಲೂ ನೇಯುತ್ತಾರೆ. ತೆಳ್ಳಗೆ, ಒಳಗಿನ ಬನಿಯನ್ ಕಾಣುವಷ್ಟು. ಪ್ಯಾಂಟಿನೊಳಗೆ ಸಿಕ್ಕಿಸದೆ ಹೊರಗೇ ಬಿಡೋದು ಅದರ ಕ್ರಮ. ಆದರೆ ಅದು ಮದುವೆಗೆ, ಸಮಾರಂಭಕ್ಕೆ, ದೊಡ್ಡ ಅಧಿಕಾರಿಗಳಿಗೆ. ವಿದ್ಯಾರ್ಥಿ ಅದನ್ನು ಹಾಕಿ ಸಾಲಿನಲ್ಲಿ ನಿಂತರೆ ಯಾರೂ ಏನೂ ಅನ್ನೋದಿಲ್ಲ, ಸುಮ್ನೆ ನೋಡ್ತಾರೆ. ನಿಮ್ಮ ಗ್ರ್ಯಾಜುಯೇಶನ್‌ಗೆ ಹಾಕಿಕೊಳ್ಳಿ.

ನನ್ನ ಮಾತು ಕೇಳೋದಾದರೆ ಕಾಲೇಜು ಯೂನಿಫಾರ್ಮ್ ಹಾಕಿಕೊಂಡು ಹೋಗಿ. ಕೊರಳಲ್ಲಿ ಐಡಿ ಇರಲಿ. ಅಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಬಿಳಿ ಯೂನಿಫಾರ್ಮ್‌ನಲ್ಲೇ ಊರೆಲ್ಲ ಓಡಾಡುತ್ತಾರೆ, ಯಾರಿಗೂ ಹೊಸದಲ್ಲ. ನಾನು ಆಮೇಲೆ ಬೇರೆ ಬಟ್ಟೆಯಲ್ಲಿ ಕಚೇರಿಗೆ ಹೋಗಲೇ ಇಲ್ಲ. ಫೋಟೊ ತೆಗೆಸುವ ದಿನ ಮಾತ್ರ ಬಿಳಿ ಬೇಡ. ಹಿನ್ನೆಲೆ ಬಿಳಿ ಇರುತ್ತದೆ, ಬಿಳಿ ಅಂಗಿ ಅದರಲ್ಲಿ ಕರಗಿ ಹೋಗಿ ತಲೆಯೊಂದೇ ತೇಲಿದ ಹಾಗೆ ಬರುತ್ತದೆ. ಗಾಢ ಬಣ್ಣದ ಕಾಲರ್ ಶರ್ಟು ಹಾಕಿ. ನಮ್ಮ ಕಡೆಯ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ತೋಳಿಲ್ಲದ ಕುರ್ತಾಕ್ಕೂ ತಡೆಯುತ್ತಾರೆ. ಮೇಲೊಂದು ದುಪಟ್ಟಾ ಹೊದ್ದರೆ ಕೆಲವು ಗಾರ್ಡ್ ಬಿಡುತ್ತಾರೆ, ಕೆಲವರು ಬಿಡೋದಿಲ್ಲ. ನಂಬಿಕೊಂಡು ಹೋಗಬೇಡಿ.

ಮಳೆಗಾಲದಲ್ಲಿ ಅಲ್ಲಿಯವರು ಏನು ಮಾಡ್ತಾರೆ ಗೊತ್ತಾ? ದಾರಿಯುದ್ದಕ್ಕೂ ರಬ್ಬರ್ ಚಪ್ಪಲಿ. ಬೂಟು ಪ್ಲಾಸ್ಟಿಕ್ ಕವರಿನಲ್ಲಿ. ಗೇಟಿನ ಹತ್ತಿರ ಬಂದು, ಗೋಡೆಗೆ ಒಂದು ಕೈ ಕೊಟ್ಟು ನಿಂತು, ಕಾಲು ಒರೆಸಿ, ಸಾಕ್ಸ್ ಏರಿಸಿ ಬೂಟು ಹಾಕಿಕೊಳ್ಳುತ್ತಾರೆ. ಅಷ್ಟು ವರ್ಷ ದಿನಾ ಕಣ್ಣೆದುರು ನೋಡಿದ್ದೆ. ಇವರಿಗೆ ಬೂಟಿನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಿದ್ದೆ, ಅಷ್ಟೇ.

ಇದು ಆ ಒಂದು ದೇಶದ ಹುಚ್ಚು ಅಂದುಕೊಳ್ಳಬೇಡಿ. ಥಾಯ್ಲೆಂಡ್‌ನ ವಲಸೆ ಕಚೇರಿಗಳಲ್ಲೂ ಇಂಥ ಬೋರ್ಡ್ ಇರುತ್ತದೆ. ಸೌದಿಯಲ್ಲಂತೂ ಸರ್ಕಾರಿ ಕಚೇರಿಗೆ, ಮಸೀದಿಗೆ ಚಡ್ಡಿ ಹಾಕಿ ಹೋದರೆ 250ರಿಂದ 500 ರಿಯಾಲ್ ದಂಡ ಅಂತ ನಿಯಮವನ್ನೇ ಮಾಡಿದ್ದಾರೆ. ದೊಡ್ಡಪ್ಪನ ಮಗ ಜೆಡ್ಡಾದಲ್ಲಿದ್ದಾನೆ. ಕಾರಿನ ಡಿಕ್ಕಿಯಲ್ಲಿ ಸದಾ ಒಂದು ಪ್ಯಾಂಟು ಇಟ್ಟಿರುತ್ತಾನೆ.

ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳೋಕೆ ಲಿಯೇಜನ್ ಆಫೀಸರ್ ಅಂತ ಒಬ್ಬರಿರುತ್ತಾರೆ. ಸೀನಿಯರ್‌ಗಳನ್ನು ಕೇಳೋದಕ್ಕಿಂತ ಅವರನ್ನು ಕೇಳಿ. ಸೀನಿಯರ್‌ಗಳು ನನ್ನಂಥವರೇ. ಜನವರಿಯಲ್ಲೇ ಹೋಗಿ ಹಾಜರಿ ಮುಗಿಸಿ. ಆಗ ಗೇಟಿನಿಂದ ವಾಪಸ್ ಕಳಿಸಿದರೂ ನಾಳೆ ಅಂತ ಒಂದು ದಿನ ಕೈಯಲ್ಲಿರುತ್ತದೆ.

ಅವ್ವನ ಇಳಕಲ್ ಸೀರೆ ಧಾರಾಳವಾಗಿ ನಡೆಯುತ್ತದೆ. ಗಾರ್ಡ್ ತಡೆಯೋದಿರಲಿ, ಸಾಲಿನಲ್ಲಿರೋ ಹೆಂಗಸರು ಸೆರಗು ಮುಟ್ಟಿ ನೋಡಿ, ಜೊತೆಗೆ ನಿಂತು ಫೋಟೊ ಕೇಳುತ್ತಾರೆ. ಅವರ ಕಾಲಿಗೆ ಮಾತ್ರ ಹಿಮ್ಮಡಿಗೆ ಪಟ್ಟಿ ಇರೋ ಸ್ಯಾಂಡಲ್ ಬೇಕು. ಬಾಗಲಕೋಟೆಯಲ್ಲೇ ತಗೊಳ್ಳಿ, ಹೊರಡೋಕೆ ಒಂದು ವಾರ ಮೊದಲೇ ಮನೆಯಲ್ಲಿ ಹಾಕಿಸಿ ಓಡಾಡಿಸಿ. ಹೊಸದು ಕಚ್ಚುತ್ತದೆ. ನಿಮಗೂ ಬೂಟು ಇಲ್ಲಿಂದಲೇ ಎರಡು ಜೊತೆ ಒಯ್ಯಿರಿ, ಒಂದು ಒಣಗೋ ತನಕ ಇನ್ನೊಂದು ಬೇಕಾಗುತ್ತದೆ.